ಸೊಂಟದ ತಪ್ಪಿಗೆ ಕಾಲಿಗೆ ಶಿಕ್ಷೆ

ನಮ್ಮ ಭಾವನಷ್ಟು ಹಟಮಾರಿ ಮಾನ್ವಿ ತಾಲೂಕಿನಲ್ಲೇ ಇನ್ನೊಬ್ಬರಿರಲಿಲ್ಲ. ಇತ್ತೆಂದರೆ ಅದು ಅವರದೇ ಎಡಗಾಲು! ಇವರಿಬ್ಬರೂ ಒಂದೂವರೆ ವರ್ಷ ಜಿದ್ದಿಗೆ ಬಿದ್ದು ಹೊಡೆದಾಡಿದರು. ಗೆದ್ದವರು ಯಾರೆಂದು ಕೇಳಿದರೆ ನನಗೆ ಈಗಲೂ ಹೇಳಲು ಬರುವುದಿಲ್ಲ. ಸೋತವರು ಯಾರೆಂದರೆ ತಟ್ಟನೆ ಹೇಳುತ್ತೇನೆ: ನಮ್ಮ ಅಕ್ಕ, ನಾನು, ಮತ್ತು ರಾಯಚೂರಿನಲ್ಲಿದ್ದ ನನ್ನ ಬಾಡಿಗೆ ಮನೆಯ ನಡುಮನೆ ಬಾಗಿಲು.

ಭಾವ ಮಾನ್ವಿಯ ಶಾಲೆಯೊಂದರಲ್ಲಿ ಲೆಕ್ಕದ ಮಾಸ್ತರರು. ಮೈಮೇಲೆ ಶೇರವಾನಿ, ತಲೆಯ ಮೇಲೆ ಟೋಪಿ, ಟೋಪಿಯ ಕೆಳಗೆ ಅಂಗಾರ ಅಕ್ಷತೆ. ಶಾಲೆಯಲ್ಲಿ ಕೂಡಿಸುವುದು ಕಳೆಯುವುದು ಎಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದ ಕಾಲ ಅದು. ಮನೆಗೆ ಬಂದರೆ ಕನ್ನಡ, ದೇವರ ಮುಂದೆ ಸಂಸ್ಕೃತ. ಈ ಮೂರರಲ್ಲಿ ಯಾರು ಎಲ್ಲಿ ತಪ್ಪಾಡಿದರೂ ಅಲ್ಲಿಯೇ ಹಿಡಿದು ತಿದ್ದುವುದು ಅವರ ಚಟ. ಸ್ವಂತ ತಂದೆಯ ಶ್ರಾದ್ಧದಲ್ಲಿ ಪುರೋಹಿತರ ಮಂತ್ರವನ್ನು ಮೂರು ಸಲ ತಿದ್ದಿ, ನಾಲ್ಕನೆಯ ಸಲ ಅವರು ಎದ್ದು ಹೋಗುವ ಹಾಗೆ ಮಾಡಿದವರು! ಮಿಕ್ಕ ಶ್ರಾದ್ಧವನ್ನು ತಾವೇ ಮಾಡಿ ಮುಗಿಸಿದರು. ಅಕ್ಕ ಕೇಳಿದ್ದಕ್ಕೆ, "ಅಪ್ಪಗ ಅಶುದ್ಧ ಪಿಂಡ ಹೋಗೋದ್ಕಿಂತ ತಡಾ ಆಗೋದು ಚಲೋ" ಎಂದಿದ್ದರು.

ಯಾರ ಕೈಗೂ ಕೆಲಸ ಕೊಡದಿರುವುದು ಇನ್ನೊಂದು ಚಟ. ಅದೇ ಅವರಿಗೆ ಮುಳುವಾಯಿತು.

ಎರಡನೆಯ ಮಹಾಯುದ್ಧ ಮುಗಿದು ಒಂದು ವರ್ಷವಾಗಿತ್ತು. ಶಾಲೆಗೆ ಮೊಹತಮಿಮ್ ಸಾಹೇಬರು, ಅಂದರೆ ತನಿಖೆಯ ಅಧಿಕಾರಿ, ಬರುವವರಿದ್ದರು. ದಾಖಲೆಗಳ ಕಬ್ಬಿಣದ ಟ್ರಂಕನ್ನು ತೇವದ ಗೋಡೆಯಿಂದ ಈಚೆಗೆ ಸರಿಸಬೇಕಿತ್ತು. ಜವಾನ, "ತಡೀರಿ, ಇನ್ನೊಬ್ಬನ್ನ ಕರ್ಕೊಂಡು ಬರ್ತೀನಿ" ಎಂದ.

"ಒಂದು ಟ್ರಂಕು ಎತ್ತಾಕ ಮೆರವಣಿಗಿ ಬೇಕೇನೋ?" ಎಂದ ಭಾವ ಮೊಣಕಾಲು ಮಡಿಚದೆ ಸೊಂಟದಿಂದಲೇ ಬಗ್ಗಿದರು, ಎತ್ತಿದರು, ಎತ್ತಿದವರು ಹಾಗೆಯೇ ಪಕ್ಕಕ್ಕೆ ತಿರುಗಿದರು. ಸೊಂಟದಲ್ಲಿ ಒಣಕಟ್ಟಿಗೆ ಮುರಿದಂಥ ಸಪ್ಪಳ! ಮೂರು ದಿನ ಸೊಂಟ ನೋಯಿತು. ನಾಲ್ಕನೆಯ ದಿನ ಸೊಂಟ ಪೂರ್ತಿ ಆರಾಮಾಯಿತು. ಭಾವ ಖುಷಿಯಿಂದ ಪಾಯಸ ಮಾಡಿಸಿದರು. ಐದನೆಯ ದಿನ ಬೆಳಿಗ್ಗೆ ಒಂದು ಸೀನು ಬಂತು ನೋಡಿ! ಎಡಗಡೆಯ ಕುಂಡೆಯಿಂದ ಹೊರಟು, ತೊಡೆಯ ಹಿಂಭಾಗದಲ್ಲಿ ಇಳಿದು, ಮೀನಖಂಡವನ್ನು ದಾಟಿ ಕಾಲಿನ ಕಿರುಬೆರಳ ತನಕ ಯಾರೋ ಕಾಸಿದ ತಂತಿ ಎಳೆದಂತಾಯಿತು. ಆ ತಂತಿಯನ್ನು ಎಳೆಯುವವನು ಮತ್ತೆ ಬಿಡಲೇ ಇಲ್ಲ.

ಬೇರೆಯವರಾಗಿದ್ದರೆ "ಅಯ್ಯೋ" ಎನ್ನುತ್ತಿದ್ದರು. ಭಾವನಿಗೆ ಅರ್ಥವಿಲ್ಲದ ಶಬ್ದವನ್ನು ಬಾಯಿಂದ ಹೊರಡಿಸುವುದು ಸೇರದು. ನೋವು ಬಂತೆಂದರೆ ಹಲ್ಲು ಕಚ್ಚಿ ಹದಿನೇಳರ ಮಗ್ಗಿ ಹೇಳುತ್ತಿದ್ದರು. ಸಣ್ಣ ನೋವಾದರೆ "ಹದಿನೇಳ ಎರಡ್ಲಿ ಮೂವತ್ನಾಕು" ಅಲ್ಲಿಗೆ ನಿಲ್ಲುವುದು. ದೊಡ್ಡದಾದರೆ ನೂರಾ ಎಪ್ಪತ್ತರ ತನಕ ಹೋಗುವುದು. ಅಕ್ಕ ಅಡುಗೆಮನೆಯಲ್ಲಿ ಕುಳಿತೇ ಲೆಕ್ಕ ಹಾಕಿಕೊಂಡು, ಎಂಟ್ಲಿ ದಾಟಿತೆಂದರೆ ಎಣ್ಣೆ ಬಿಸಿಗಿಡುತ್ತಿದ್ದಳು!

ಕುಳಿತರಂತೂ ಪ್ರಾಣ ಹೋಗುತ್ತಿತ್ತು. ನಿಂತು ಪಾಠ ಹೇಳಿದರು, ಅರ್ಧ ತಾಸಿಗೆ ಕಾಲು ಜೋಮು ಹಿಡಿಯಿತು. ಕಡೆಗೆ ತರಗತಿಯ ಮೇಜಿನ ಮೇಲೆಯೇ ಬೋರಲು ಮಲಗಿ, ಬಳಪದ ಕೈಯನ್ನು ಮುಂದೆ ಚಾಚಿ ಪಾಠ ಹೇಳತೊಡಗಿದರು. ಮೊಹತಮಿಮ್ ಸಾಹೇಬರು ಒಳಗೆ ಕಾಲಿಟ್ಟದ್ದು ಇಂಥ ಹೊತ್ತಿಗೆ.

"ಮಾಸ್ಟರ್ ಸಾಬ್, ಇದು ಮದರಸಾನೋ ಮುಸಾಫಿರಖಾನಾನೋ?"

ಭಾವ ಮಲಗಿದಲ್ಲಿಂದಲೇ ಸಲಾಮು ಮಾಡಿ ಹೇಳಿದರು: "ಮಲಗಿದವ ನಾನೊಬ್ಬನ ಸಾಹೇಬ್ರ. ಹುಡುಗರ ಲೆಕ್ಕ ಎಲ್ಲಾ ಎದ್ದು ಕೂತಾವ. ಬೇಕಾದ್ರ ಕೇಳ್ರಿ."

ಸಾಹೇಬರು ಕೇಳಿದ್ದೂ ಕೇಳಿದ್ದು, ಹದಿನೇಳೇಳು ಎಷ್ಟೆಂದು ಕೇಳಬೇಕೇ! ಇಡೀ ತರಗತಿ ಒಂದೇ ದನಿಯಲ್ಲಿ, "ಹದಿನೇಳ ಏಳ್ಲಿ... ಹಾ... ಸ್ಸ್... ನೂರಾ ಹತ್ತೊಂಬತ್ತು!" ಎಂದಿತು. ಮಾಸ್ತರರು ನರಳುವ ಜಾಗದಲ್ಲಿ ಹುಡುಗರೂ ನರಳುವುದನ್ನು ಪಾಠವೆಂದೇ ಕಲಿತಿದ್ದರು. ಅದೂ ಉರ್ದುವಿನಲ್ಲಿ ಅಲ್ಲ, ಅಚ್ಚ ಕನ್ನಡದಲ್ಲಿ! ಸಾಹೇಬರಿಗೆ ನಗುವೋ ಸಿಟ್ಟೋ ತಿಳಿಯಲಿಲ್ಲ. ಒಳ್ಳೆಯ ಮನುಷ್ಯರು. ವರ್ಷದ ರಜೆ ಬರೆದುಕೊಟ್ಟು, "ಅಷ್ಟರೊಳಗ ಕ್ಲಾಸಿನ್ಯಾಗ ಎದ್ದು ನಿಲ್ರಿ. ಇಲ್ಲಂದ್ರ ನಾನು ನಾಲಾಯಕ್ ಅಂತ ಬರೀಬೇಕಾಗ್ತದ" ಎಂದರು.

ನಾಲಾಯಕ್! ಇಪ್ಪತ್ತೆರಡು ವರ್ಷ ಊರಿನ ಮಕ್ಕಳಿಗೆಲ್ಲ ಲೆಕ್ಕ ಕಲಿಸಿದ ಮನುಷ್ಯನಿಗೆ ಆ ಶಬ್ದ ಕಾಲಿನ ನೋವಿಗಿಂತ ಮೇಲೆ ಹೋಗಿ ನಾಟಿತು.

ಹೀಗೆ ಅವರು, ಅಕ್ಕ, ಎರಡು ಹಾಸಿಗೆ ಸುರುಳಿ ನನ್ನ ಮನೆಗೆ ಬಂದರು. ನಾನಾಗ ರಾಯಚೂರಿನಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತ, ಮದುವೆಯಾಗಿರಲಿಲ್ಲ, ಎರಡು ಕೋಣೆ, ಒಂದು ನಡುಮನೆ, ಒಂದು ಅಂಗಳದ ಮನೆ.

ಮೊದಲು ತೀನ್ ಕಂದೀಲ್ ಹತ್ತಿರದ ಹಕೀಮರ ಬಳಿ ಹೋದೆವು. ವಯಸ್ಸಾದ, ಮೆಲುಮಾತಿನ ಮನುಷ್ಯ. ನಾಡಿ ಹಿಡಿದು, ಕಾಲಿನ ಮೇಲೆ ಬೆರಳೆಳೆದು, ಒಂದು ಚೀಟಿಯಲ್ಲಿ ರೋಗದ ಹೆಸರು ಬರೆದುಕೊಟ್ಟರು. ಮನೆಗೆ ಬಂದ ಮೇಲೆ ಅಕ್ಕ, "ಏನಂತ ಬರದಾರ್ರಿ?" ಎಂದಳು. ಭಾವ ಚೀಟಿ ಬಿಡಿಸಿ ಓದಿದರು: "ಇರ್ಕುನ್ನಿಸಾ."

"ಹಂಗಂದ್ರ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಭಾವ ಇದ್ದದ್ದನ್ನು ಇದ್ದಂತೆ ಅನುವಾದ ಮಾಡಿದರು. "ಇರ್ಕ್ ಅಂದ್ರ ನರ. ನಿಸಾ ಅಂದ್ರ ಹೆಂಗಸರು."

ಅಕ್ಕ ಎಣ್ಣೆಯ ಬಟ್ಟಲು ಕೆಳಗಿಟ್ಟಳು. "ಯಾವ ಹೆಂಗಸು?"

ಎರಡು ದಿನ ಮನೆಯಲ್ಲಿ ಮಾತಿಲ್ಲ! ಮೂರನೆಯ ದಿನ ಭಾವ ಕೋಲೂರಿಕೊಂಡು ಹಕೀಮರ ಮನೆಗೆ ಹೋಗಿ ಜಗಳ ತೆಗೆದರು. ಹಕೀಮರು ನಕ್ಕು, "ಮಾಸ್ಟರ್ ಸಾಬ್, ಅದು ನಿಸಾ ಅಲ್ಲ, ನಸಾ. ನಸಾ ಅಂಬೋದು ಆ ನರದ್ದ ಹೆಸರು. ಸ್ವರಚಿಹ್ನಿ ಹಾಕದ ಬರದ್ದು ನನ್ನ ತಪ್ಪು" ಎಂದರು. ಜೀವನದಲ್ಲಿ ಮೊದಲ ಸಲ ಭಾವ ಓದಿದ್ದರಲ್ಲಿ ತಪ್ಪು ಸಿಕ್ಕಿತ್ತು. ನೋವಿಗಿಂತ ಅದರ ಅವಮಾನವೇ ಹೆಚ್ಚಾಗಿ, ಹಕೀಮರು ಹಚ್ಚಿದ ಜಿಗಣೆಗಳನ್ನು ತುಟಿಪಿಟಕ್ಕೆನ್ನದೆ ಸಹಿಸಿದರು. ಜಿಗಣೆಗಳು ಹೊಟ್ಟೆತುಂಬ ಉಂಡು ಉದುರಿದವು. ನೋವು ಇದ್ದಲ್ಲಿಯೇ ಇತ್ತು.

ಆಮೇಲೆ ಯಾರೋ ದೇವದುರ್ಗದ ಆಯುರ್ವೇದ ಪಂಡಿತರೊಬ್ಬರ ಹೆಸರು ಹೇಳಿದರು. ಬಸ್ಸಿನಲ್ಲಿ ಕೂಡುವುದು ಸಾಧ್ಯವಿಲ್ಲದ್ದರಿಂದ ಎತ್ತಿನ ಗಾಡಿ ಗೊತ್ತು ಮಾಡಿದೆ. ಗಾಡಿಯಲ್ಲಿ ಮಲಗಿದರೆ ಒಂದೊಂದು ಕಲ್ಲೂ ಸೊಂಟಕ್ಕೇ ಬಡಿಯುತ್ತಿತ್ತು. ಕೊನೆಗೆ ಭಾವ ಗಾಡಿಯ ಗೂಟ ಹಿಡಿದು ಎದ್ದು ನಿಂತರು. ಎರಡು ದಿನದ ದಾರಿ, ನಿಂತೇ ಹೋದರು! ಶೇರವಾನಿ, ಟೋಪಿ, ಬಿಗಿದ ತುಟಿ, ಎಡಗಾಲು ಕೊಂಚ ಮೇಲೆ. ಸರಕಾರದವರು ಊರೂರಿಗೆ ಬಂದು ಲೆವಿ ಎಂದು ಜೋಳ ಅಳೆದುಕೊಂಡು ಹೋಗುತ್ತಿದ್ದ ದಿನಗಳವು. ನಮ್ಮ ಗಾಡಿ ಯಾವ ಹಳ್ಳಿಯ ಸೀಮೆಗೆ ಮುಟ್ಟಿದರೂ ನಿಂತ ಶೇರವಾನಿ ಕಂಡು ದಡಬಡ ಬಾಗಿಲು ಬೀಳುತ್ತಿದ್ದವು. ಕುಡಿಯಲು ನೀರು ಕೇಳೋಣವೆಂದರೆ ಬಾವಿಯ ಹತ್ತಿರವೂ ಒಂದು ನರಪಿಳ್ಳೆ ಇಲ್ಲ. ಒಂದು ಊರಿನಲ್ಲಿ ಮಾತ್ರ, ಓಡಲಾಗದ ಒಬ್ಬ ಮುದುಕಿ ಕಟ್ಟೆಯ ಮೇಲೆ ಉಳಿದಿದ್ದಳು. ಹುಬ್ಬಿಗೆ ಕೈ ಅಡ್ಡ ಹಿಡಿದು ಭಾವನ ಮುಖವನ್ನೇ ನೋಡಿದಳು. ಆಮೇಲೆ ಮುಚ್ಚಿದ ಬಾಗಿಲುಗಳ ಕಡೆ ಕೂಗಿದಳು:

"ಹೊರಗ ಬರ್ರೆ ಯವ್ವಾ! ಇಂವ ಲೆವಿಯಾವಲ್ಲ. ಲೆವಿಯಾರು ಹಿಂಗ ಅಳಂಗಿಲ್ಲ!"

ಆಗ ನಾನು ಮುಂದೆ ಬಗ್ಗಿ ಅವರ ಮುಖ ನೋಡಿದೆ. ಬೆಳಗಿನಿಂದ ಅವರ ಬೆನ್ನು ಮಾತ್ರ ಕಾಣುತ್ತಿತ್ತು ನನಗೆ. ಮಗ್ಗಿ ಕೇಳಿಸದ್ದರಿಂದ ನೋವು ಕಡಿಮೆ ಇರಬಹುದೆಂದು ತಿಳಿದಿದ್ದೆ. ಕೆನ್ನೆಯ ಮೇಲೆ ನೀರು ಒಣಗಿ ಧೂಳು ಕಟ್ಟಿತ್ತು.

ದೇವದುರ್ಗದ ಪಂಡಿತರು ನೋಡಿದೊಡನೆ, "ಇದು ಗೃಧ್ರಸೀ" ಎಂದರು. "ಗೃಧ್ರ ಅಂದ್ರ ರಣಹದ್ದು. ಈ ರೋಗ ಬಂದಾವ ಹದ್ದಿನಂಗ ಕುಂಟಿಗೋತ ನಡೀತಾನ." ವ್ಯಾಕರಣ ಶುದ್ಧವಾದ ಹೆಸರು ಸಿಕ್ಕಿದ್ದೇ ತಡ, ಭಾವನ ಮುಖ ಅರಳಿತು. ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ ಪಂಡಿತರೊಡನೆ ಆ ಶಬ್ದ ಹುಟ್ಟಿದ ಬಗೆಯನ್ನು ಎರಡು ತಾಸು ಚರ್ಚೆ ಮಾಡಿದರು. ಚರ್ಚೆಯಲ್ಲಿ ಸೋತ ಪಂಡಿತರು ಎದ್ದು ಹೋಗಿ ಸಲಾಕೆ ಕಾಸಿ ತಂದರು. ಸೋತ ಸಿಟ್ಟಿಗೋ ಶಾಸ್ತ್ರ ಹಾಗೆಯೇ ಇತ್ತೋ, ನನಗೆ ತಿಳಿಯದು! ಎಡಗಾಲಿನ ಕಿರುಬೆರಳ ಪಕ್ಕಕ್ಕೆ ಅದು ಮುಟ್ಟಿದಾಗ ಭಾವ ಹದಿನೇಳನ್ನು ಬಿಟ್ಟು ನೇರ ಹತ್ತೊಂಬತ್ತರ ಮಗ್ಗಿಗೆ ಹಾರಿದರು. ಅದನ್ನು ನಾನು ಕೇಳಿದ್ದು ಅದೇ ಮೊದಲು.

ಸುಟ್ಟ ಜಾಗ ಕೀವಾಯಿತು. ಇಪ್ಪತ್ತು ದಿನ ಅಲ್ಲಿಯೇ ಬಿದ್ದುಕೊಂಡೆವು. ರಾಯಚೂರಿಗೆ ಮರಳಿದಾಗ, ನನ್ನ ಕಾಗದದಿಂದ ಹದ್ದಿನ ಸಂಗತಿ ತಿಳಿದಿದ್ದ ಅಕ್ಕ ಬಾಗಿಲಲ್ಲೇ ಕೇಳಿದಳು: "ಹದ್ದು ಹೋತೇನ್ರಿ?"

"ಇಲ್ಲ," ಎಂದರು ಭಾವ. "ಮದಲ ಸೊಂಟದ ಮ್ಯಾಲ ಹಾರ‍್ಯಾಡತಿತ್ತು. ಈಗ ಕಿರಿಬೆರಳಿಗಿ ಬಂದು ಕೂತದ."

ನೋವು ಶುರುವಾಗಿ ಎಂಟು ತಿಂಗಳಾದ ಮೇಲೆ ಸ್ಟೇಷನ್ ರಸ್ತೆಯ ಡಾಕ್ಟರೊಬ್ಬರಿಗೆ ತೋರಿಸಿದೆವು. ಅವರು ಭಾವನನ್ನು ಅಂಗಾತ ಮಲಗಿಸಿ, ಎಡಗಾಲನ್ನು ನೆಟ್ಟಗೆ ಇಟ್ಟು ಮೆಲ್ಲಗೆ ಮೇಲೆತ್ತಿದರು. ಒಂದು ಗೇಣು ಏಳುವಷ್ಟರಲ್ಲಿ ಹದಿನೇಳ ಐದ್ಲಿ! ಡಾಕ್ಟರು ಕಾಲನ್ನು ಕೆಳಗಿಟ್ಟು, ಕೈಯ ಮೇಲೆ ಕೈಯಿಟ್ಟು ತೋರಿಸುತ್ತ ವಿವರಿಸಿದರು. ಬೆನ್ನಿನ ಮಣಿಗಳ ನಡುವೆ ಮೆತ್ತೆಯಂಥದೊಂದು ಇರುತ್ತದೆ. ಟ್ರಂಕು ಎತ್ತಿ ತಿರುಗಿದಾಗ ಅದು ಹೊರಗೆ ಜರುಗಿ ಪಕ್ಕದ ನರದ ಬುಡವನ್ನು ಅದುಮಿದೆ. ಆ ನರ ಹೊರಡುವುದು ಸೊಂಟದಲ್ಲಿ, ಮುಟ್ಟುವುದು ಕಾಲ್ಬೆರಳಿಗೆ. ಅದುಮಿದ್ದು ಬುಡದಲ್ಲಿ, ಉರಿಯುವುದು ತುದಿಯಲ್ಲಿ. ಅದಕ್ಕೆ ಸಯಾಟಿಕಾ ಎನ್ನುತ್ತಾರೆ.

ಭಾವ ಕೇಳಿದರು: "ಅಂದ್ರ ತಪ್ಪು ಸೊಂಟದ್ದು?"

"ಹೌದ್ರಿ."

"ಕಾಲಿಂದು ಏನೂ ಇಲ್ಲ?"

"ಕಾಲಿಂದು ಏನೂ ಇಲ್ಲ."

"ಎಂಟು ತಿಂಗಳು ಇದಕ್ಕ ಜಿಗಣಿ ಹಚ್ಚಿಸಿದೆ, ಬರಿ ಹಾಕಿಸಿದೆ, ಬಾಯಿಗಿ ಬಂದಂಗ ಬೈದೆ!" ಭಾವ ಕಷ್ಟಪಟ್ಟು ತಲೆಯೆತ್ತಿ ತಮ್ಮ ಕಿರುಬೆರಳನ್ನು ನೋಡಿದರು. "ಏನೂ ಮಾಡ್ಲಾರದ ಹುಡುಗನ್ನ ಹಿಡದು ಹೊಡದಂಗಾತಲ್ರಿ ಡಾಕ್ಟ್ರ." ಮಾಸ್ತರರಾಗಿ ಅಂಥದೊಂದು ತಪ್ಪು ಅವರಿಂದ ಎಂದಾದರೂ ಆಗಿತ್ತೋ ಏನೋ, ಕಣ್ಣು ಒದ್ದೆಯಾದವು.

ಡಾಕ್ಟರು ಆರು ವಾರ ಅಲುಗಾಡದೆ ಹಲಗೆಯ ಮೇಲೆ ಮಲಗಿರಬೇಕೆಂದರು. ಅಷ್ಟುದ್ದದ ಹಲಗೆ ಎಲ್ಲಿಂದ ತರಲಿ? ನಡುಮನೆಯ ಬಾಗಿಲನ್ನೇ ಕಿತ್ತು ನೆಲಕ್ಕೆ ಹಾಸಿದೆ. ಮನೆಯ ಮಾಲೀಕ ಬಂದು, "ಬಾಗಲಾ ಎಲ್ಲದ?" ಎಂದ. "ಮಾಸ್ತರ್ರ ಕೆಳಗ ಅದ" ಎಂದೆ. ಅವನು ಒಮ್ಮೆ ಭಾವನನ್ನೂ ಒಮ್ಮೆ ಬರಿದಾದ ಚೌಕಟ್ಟನ್ನೂ ನೋಡಿ, ಕೈಮುಗಿದು ಹೋದ. ಯಾರಿಗೆ ಮುಗಿದನೋ!

ಆರು ವಾರ ಎಂದದ್ದು ಹತ್ತಾಯಿತು. ಮಲಗಿದ್ದರೆ ನೋವಿಲ್ಲ. ಎದ್ದು ನಿಂತರೆ ಮತ್ತೆ ಅದೇ ತಂತಿ. ನಡುವೆ ಇನ್ನೊಂದನ್ನು ಅಕ್ಕ ಕಂಡಳು: ಎಡಗಾಲು ಬಲಗಾಲಿಗಿಂತ ಸಣ್ಣಗಾಗಿತ್ತು. ಎರಡು ಬೇರೆ ಬೇರೆ ಮನುಷ್ಯರ ಕಾಲುಗಳನ್ನು ಒಬ್ಬರಿಗೆ ಜೋಡಿಸಿದ ಹಾಗೆ. ಅವಳು ಅದನ್ನು ಭಾವನಿಗೆ ಹೇಳದೆ ಧೋತರ ಎಳೆದು ಮುಚ್ಚಿದಳು. ಅವರಿಗೆ ಮೊದಲೇ ಗೊತ್ತಿತ್ತು.

ಮಗ್ಗಿ ನಿಂತುಹೋಯಿತು. ನೋವಾದರೂ ಇಲ್ಲ, ನೋವಿಲ್ಲದಿದ್ದರೂ ಇಲ್ಲ. ಅದಕ್ಕಿಂತ ಹೆದರಿಕೆಯದು, ನಾವು ತಪ್ಪಾಡಿದರೆ ತಿದ್ದುವುದನ್ನೂ ಬಿಟ್ಟರು. ನಾನು ಬೇಕೆಂದೇ ಅವರ ಮುಂದೆ ಒಂದು ಶ್ಲೋಕವನ್ನು ತಪ್ಪು ತಪ್ಪಾಗಿ ಅಂದೆ. ಭಾವ ಸೂರು ನೋಡುತ್ತ ಮಲಗಿದ್ದರು.

ಒಂದು ಮಧ್ಯಾಹ್ನ, "ಕಾಗದ ತಗೋ" ಎಂದರು. ನಾನು ಕುಳಿತೆ. ಒಂದೂ ಶಬ್ದ ತಡವರಿಸದೆ, ಒಳ್ಳೆಯ ಉರ್ದುವಿನಲ್ಲಿ ತಮ್ಮ ರಾಜೀನಾಮೆ ಹೇಳಿ ಬರೆಸಿದರು. ನಾಲಾಯಕ್ ಎಂಬ ಶಬ್ದ ಬೇರೆಯವರು ಬರೆಯುವ ಮೊದಲು ತಾವೇ ಬರೆಸಿಬಿಟ್ಟರು. ರುಜು ಹಾಕಿ ಹೇಳಿದರು: "ನಿಮ್ಮಕ್ಕಗ ಹೇಳು. ತವರ‍್ಮನಿಗಿ ಹೋಗು ಅಂತ ಹೇಳು. ಒಂದು ಹೆಣಾ ಕಾಯಕೋತ ಎಷ್ಟು ದಿನ ಕೂಡ್ತಾಳ?"

"ಭಾವ, ಆಕಿ ತವರ‍್ಮನಿ ಅಂದ್ರ ಇದನ. ಆಕಿ ಇಲ್ಲೇ ಅದಾಳ."

ನಗುತ್ತಾರೆಂದು ತಿಳಿದಿದ್ದೆ. ಭಾವ ನನ್ನನ್ನೇ ನೋಡಿದರು. "ಹಂಗಾದ್ರ ನಾ ಎಲ್ಲಿ ಹೋಗ್ಲೋ?" ಎಂದು ಗೋಡೆಯ ಕಡೆಗೆ ಹೊರಳಿಕೊಂಡರು.

ಕಾಗದ ಹಿಡಿದುಕೊಂಡು ಹೊರಗೆ ಬಂದೆ, ಅಂಚೆಗೆ ಹಾಕಿದೆ. ಜನ್ಮದಲ್ಲಿ ನಾನು ತಡಮಾಡದೆ ಮಾಡಿದ ಕೆಲಸ ಅದೊಂದೇ. ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡಿದ್ದರೆ ಏನಾಗುತ್ತಿತ್ತು? ಇಂದಿಗೂ ಕೇಳಿಕೊಳ್ಳುತ್ತೇನೆ.

ಯಾಕೆಂದರೆ ನಾಲ್ಕನೆಯ ದಿನ ಡಾಕ್ಟರು ಮಾರೆಪ್ಪನನ್ನು ಕರೆದುಕೊಂಡು ಬಂದರು!

ಮಾರೆಪ್ಪ ಯಾಪಲದಿನ್ನಿ ಕಡೆಯ ಕೂಲಿ ಮನೆತನದವನು. ಯುದ್ಧದಲ್ಲಿ ದಂಡಿನ ದವಾಖಾನೆಯೊಂದರಲ್ಲಿ ನಾಲ್ಕು ವರ್ಷ ಇದ್ದ. ಗಾಯಗೊಂಡ ಸಿಪಾಯಿಗಳಿಗೆ ಕಸರತ್ತು ಮಾಡಿಸಿ ಮತ್ತೆ ನಡೆಯಲು ಕಲಿಸುವ ವಿಭಾಗ ಅದು. ಅಲ್ಲಿನವರು ಇವನ ಕೈಯ ಹದ ನೋಡಿ ವಿದ್ಯೆ ಹೇಳಿಕೊಟ್ಟಿದ್ದರು. ಈಗ ಡಾಕ್ಟರ ಬಳಿ ಗಾಯ ಕಟ್ಟುವ ಕೆಲಸಕ್ಕಿದ್ದ. ಆ ಕಾಲದ ಲೆಕ್ಕದಲ್ಲಿ ಅವನು ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ದಾಟು ಎಂದು ನಾವೂ ಹೇಳಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಇದ್ದದ್ದು ಹಾಗೆ.

"ಅಲ್ಲಿಂದನ ಹೇಳಪಾ" ಎಂದರು ಭಾವ. ನಡುಮನೆಗೆ ಬಾಗಿಲೇ ಇಲ್ಲವಲ್ಲ, ಅಂಗಳದಲ್ಲಿ ನಿಂತವನಿಗೆ ಒಳಗೆ ಮಲಗಿದವರು ತಲೆಯಿಂದ ಕಾಲ ತನಕ ಕಾಣುತ್ತಿದ್ದರು. ಮಾರೆಪ್ಪ ಅಂಗಳದಿಂದಲೇ ದಂಡಿನ ದನಿಯಲ್ಲಿ ಕೂಗಿದ: "ಮಾಸ್ತರ್ರ, ಬೋರಲು ಬೀಳ್ರಿ! ಮೊಣಕೈ ಊರ್ರಿ! ಎದಿ ಎತ್ರಿ! ಏಕ್... ದೋ..." ಓಣಿಯ ಜನ ಗೋಡೆಯಾಚೆ ನೆರೆದರು. ಮಾರೆಪ್ಪ ಹೇಳುವುದು ಸೊಂಟದ ಕಸರತ್ತು, ಭಾವ ತಿದ್ದುವುದು ಅವನ ಹಿಂದುಸ್ತಾನಿ! ಹತ್ತು ವಾರದ ಮೇಲೆ ಭಾವ ಯಾರನ್ನೋ ತಿದ್ದಿದ್ದು ಕೇಳಿ ಅಕ್ಕ ಸೆರಗಿನಿಂದ ಕಣ್ಣೊರಸಿಕೊಂಡಳು.

ಮೂರನೆಯ ದಿನ ಮಾರೆಪ್ಪ ಕೈಕಟ್ಟಿ ನಿಂತುಬಿಟ್ಟ. "ಸೊಂಟ ಮುಟ್ಟಿ ನೋಡ್ಲಾರದ ಮುಂದಿಂದು ಹೇಳಂಗಿಲ್ರಿ. ಹೆಚ್ಚು ಕಡಿಮಿ ಆದ್ರ ಕಾಲು ಹೋಗ್ತದ. ದೂರ ನಿಂತು ಮಾಡೋ ವಿದ್ಯಾ ಅಲ್ಲಿದು."

ಅಕ್ಕ ಅಡುಗೆಮನೆಯಿಂದ ಹೊರಬಂದು, "ಒಳಗ ಬಾರಪಾ ಮಾರೆಪ್ಪಾ. ಮುಟ್ಟು. ಶಾಸ್ತ್ರ ನಾ ನೋಡ್ಕೋತೀನಿ" ಎಂದಳು. ಆಮೇಲೆ ಭಾವನ ಕಡೆ ತಿರುಗಿ, "ನಿಮಗ ಬೇಕಾದ್ರ ನೀರು ಕಾಸಿಡ್ತೀನಿ" ಎಂದಳು.

ಹಾಗೆಯೇ ನಡೆಯಿತು. ಮಾರೆಪ್ಪನ ಬೆರಳು ಬೆನ್ನಿನ ಒಂದೊಂದು ಮಣಿಯನ್ನೂ ವಿಚಾರಿಸಿಕೊಂಡು ಇಳಿಯುತ್ತಿದ್ದವು. "ಎಲ್ಲಿ ತನಕ ಅದ ನೋವು?" ಎಂದು ದಿನವೂ ಕೇಳುತ್ತಿದ್ದ. ಕಿರುಬೆರಳಿನಲ್ಲಿದ್ದದ್ದು ಮೀನಖಂಡಕ್ಕೆ ಏರಿತು, ಮೀನಖಂಡದಿಂದ ತೊಡೆಗೆ. "ಸೊಂಟ ಜಾಸ್ತಿ ನೋಯಾಕತ್ತದಲ್ಲೋ" ಎಂದು ಭಾವ ಗಾಬರಿಯಾದರೆ ಮಾರೆಪ್ಪ ನಗುತ್ತಿದ್ದ. "ನೋಯ್ಲಿ ಬಿಡ್ರಿ. ನೋವು ಬಂದ ದಾರಿ ಹಿಡದು ಹೊಳ್ಳಿ ಮನಿಗಿ ಹೊಂಟದ." ಆಮೇಲೆ ಸೊರಗಿದ ಕಾಲಿಗೆ ಬೇರೆ ಕಸರತ್ತು: ಮೊಣಕಾಲು ಮಡಿಚುವುದು, ಗೋಡೆ ಹಿಡಿದು ತುದಿಗಾಲಲ್ಲಿ ನಿಲ್ಲುವುದು, ಅಂಗಳದಲ್ಲಿ ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಅವನು ಹೊರಗೆ ಹೆಜ್ಜೆಯಿಟ್ಟ ಕೂಡಲೇ ಭಾವ ಸ್ನಾನಕ್ಕೆ ಹೋಗುತ್ತಿದ್ದರು. ಹಂಡೆಯ ಹೊಗೆ ಮಾರೆಪ್ಪನಿಗೂ ಕಾಣುತ್ತಿತ್ತು.

ಒಂದು ದಿನ ಮನೆಯ ಮಾಲೀಕ, "ಗುಣ ಹೆಂಗಾತ್ರಿ?" ಎಂದು ಕೇಳಿದ. ಭಾವ, "ದಿನಾ ಬಿಸಿನೀರು ಬಿತ್ತು ನೋಡ್ರಿ ಸೊಂಟಕ್ಕ. ನೀರಿನ ಗುಣ" ಎಂದರು. ಅಂಗಳದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಮಾರೆಪ್ಪ ತಲೆಯೆತ್ತಿದ.

"ಹಂಗಾದ್ರ ನಾಳಿಂದ ನೀರ ಸಾಕ್ರಿ ಮಾಸ್ತರ್ರ" ಎಂದ. "ದಂಡಿನ್ಯಾಗ ಎಷ್ಟೋ ಮಂದಿ ಕಾಲು ಹಿಡದೀನಿ. ನಾ ಮುಟ್ಟಿದ್ದಕ್ಕ ಯಾರೂ ಜಳಕಾ ಮಾಡ್ಲಿಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮರುದಿನದಿಂದ ಬರಲಿಲ್ಲ.

ಹತ್ತು ದಿನ ಭಾವ ಬಿಸಿನೀರನ್ನೇ ಸುರಿದುಕೊಂಡರು. ನೋವು ತೊಡೆಯಿಂದ 'ಬಂದೆ' ಎಂದು ಮೀನಖಂಡಕ್ಕೆ ಇಳಿಯಿತು. ನಾನು ಕರೆಯಲು ಹೋಗಲೇ ಎಂದರೆ, "ಬ್ಯಾಡ" ಎಂದರು. ಹನ್ನೊಂದನೆಯ ಬೆಳಿಗ್ಗೆ ಶೇರವಾನಿ ಹಾಕಿಕೊಂಡು, ಕೋಲು ಹಿಡಿದು ಹೊರಟರು. ನಾನು ಹಿಂದಿನಿಂದ ಹೋದೆ. ರೈಲು ಹಳಿ ದಾಟಿ ಮಾರೆಪ್ಪನ ಗುಡಿಸಲು. ದಾರಿಯಲ್ಲಿ ಏಳು ಸಲ ನಿಂತರು.

ಮಾರೆಪ್ಪ ಬಾಗಿಲಿಗೆ ಬಂದವನು ಗಾಬರಿಯಾದ. "ಮಾಸ್ತರ್ರ! ಇಲ್ಲಿಗ್ಯಾಕ ಬಂದ್ರಿ? ಒಳಗ ಬರ್ರಿ ಅನ್ನಾಕ ನನಗ ಬಾಯಿ ಬರವಲ್ದು."

"ನಾನಾದ್ರೂ ನಿನಗ ಒಂದಿನ ಅಂದೀನೇನು? ಆಕಿ ಅಂದ್ಲು." ಭಾವ ತಲೆ ಬಗ್ಗಿಸಿ ಒಳಗೆ ಹೋದರು, ಮಣ್ಣಿನ ನೆಲದ ಮೇಲೆ ಬೋರಲು ಮಲಗಿದರು. "ನಾ ಅವತ್ತು ತಪ್ಪು ಮಾತಾಡಿದೆ ಮಾರೆಪ್ಪಾ. ಇಂಥಾ ತಪ್ಪು ಬ್ಯಾರೆ ಯಾರರ ಆಡಿದ್ರ ಬಿಡ್ತಿದ್ದಿಲ್ಲ ನಾನು. ಹೂಂ, ಎಣಸು."

ಮಾರೆಪ್ಪ ಪಕ್ಕದಲ್ಲಿ ಮಂಡಿಯೂರಿ ಕುಳಿತು, "ಏಕ್" ಎಂದ. ಅವನ ದನಿ ಅಂದು ಅಂಗಳದ ತನಕವೂ ಕೇಳುವಂತಿರಲಿಲ್ಲ.

ಆ ದಿನ ಮನೆಯಲ್ಲಿ ಅಕ್ಕ ಕಾಸಿಟ್ಟ ನೀರು ತಣ್ಣಗಾಗುತ್ತ ಹೋಯಿತು. ಮರುದಿನದಿಂದ ಅವಳು ಹಂಡೆಯ ಒಲೆ ಹೊತ್ತಿಸಲಿಲ್ಲ.

ಎರಡು ತಿಂಗಳಲ್ಲಿ ಭಾವ ಸ್ಟೇಷನ್ನಿನ ತನಕ ಹೋಗಿ ಬರುವಂತಾದರು. ಪಾದದ ಹೊರ ಅಂಚು ಜೋಮು ಹಿಡಿದದ್ದು ಬಿಡಲಿಲ್ಲ; ಅದು ಉಳಿಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ತರಗತಿಯಲ್ಲಿ ನಿಲ್ಲಲು ಅಡ್ಡಿಯಿರಲಿಲ್ಲ. ನಿಲ್ಲಲು ತರಗತಿ ಮಾತ್ರ ಇರಲಿಲ್ಲ! ಅದೇ ವಾರ ಲಕೋಟೆ ಬಂತು. ರಾಜೀನಾಮೆ ಮಂಜೂರಾಗಿತ್ತು, ಆ ಜಾಗಕ್ಕೆ ಬೇರೊಬ್ಬರು ಬಂದಾಗಿತ್ತು. ನಾನು ಗೋಡೆಗೆ ಒರಗಿ ನಿಂತುಬಿಟ್ಟೆ. ಭಾವ ಎರಡು ಸಲ ಓದಿದರು.

"'ಮಂಜೂರ್' ಬರಿಯೋದ್ರಾಗ ಒಂದು ಚುಕ್ಕಿ ಬಿಟ್ಟಾರ" ಎಂದರು. ಕಾಗದ ಮಡಿಚಿ ನನ್ನ ಕೈಗೆ ಕೊಟ್ಟರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮಾನ್ವಿಯ ಮನೆಯನ್ನು ಖಾಲಿ ಮಾಡಲು ಮೂವರೂ ಹೋದೆವು. ಬಸ್ಸಿಳಿದು ಮನೆಯ ಕಡೆ ನಡೆಯುತ್ತಿದ್ದೆವು. ಚಹದ ಅಂಗಡಿಯ ಮುಂದಿದ್ದವರು, ಕೆಲವರು ಅವರ ಹಳೆಯ ವಿದ್ಯಾರ್ಥಿಗಳೇ, ಎದ್ದು ನಿಂತು ನಮಸ್ಕಾರ ಮಾಡಿದರು. ಕೆಲಸ ಹೋದದ್ದು ಅವರಿಗೆಲ್ಲ ಗೊತ್ತಿತ್ತು. ಭಾವ ನೆಲ ನೋಡುತ್ತ ನಡೆದರು. ಎರಡು ಹೆಜ್ಜೆ ಹಿಂದೆ ಬರುತ್ತಿದ್ದ ಅಕ್ಕ "ಹಾ" ಎಂದು ನಿಂತಳು. ಬರಿಗಾಲು, ಜಾಲಿಯ ಮುಳ್ಳು ಹಿಮ್ಮಡಿಗೆ ನೆಟ್ಟಿತ್ತು.

ನಾನು ಮುಂದಾಗುವುದರೊಳಗೆ ಭಾವ ಕೋಲು ಬಿಸಾಕಿದರು. ಎರಡೂ ಮೊಣಕಾಲು ಮಡಿಚಿ, ಮಾರೆಪ್ಪ ಕಲಿಸಿದ ಹಾಗೆ ಮೆಲ್ಲಗೆ ಇಳಿದು, ನಡುಬೀದಿಯ ಧೂಳಿನಲ್ಲಿ ಕುಳಿತರು. ಅಕ್ಕನ ಪಾದವನ್ನು ಎತ್ತಿ ಶೇರವಾನಿಯ ಮಡಿಲಿನಲ್ಲಿ ಇಟ್ಟುಕೊಂಡರು. ಅಕ್ಕ ಮುಖವೆಲ್ಲ ಕೆಂಪಾಗಿ ನನ್ನ ಭುಜ ಹಿಡಿದುಕೊಂಡು, "ಬಿಡ್ರಿ, ಮಂದಿ ನೋಡಾಕತ್ತಾರ" ಎಂದಳು.

ಭಾವನಿಗೆ ಮಂದಿ ಕಾಣುತ್ತಿರಲಿಲ್ಲ. ಹಿಮ್ಮಡಿಯ ತುಂಬ ಸೀಳು. ಕೆಲವು ಸೀಳುಗಳಲ್ಲಿ ರಕ್ತ ಒಣಗಿ ಕಪ್ಪಾಗಿತ್ತು.

"ಇಷ್ಟು ಒಡದಾವಲ್ಲ. ನನಗ ಒಂದಿನಾನೂ ಹೇಳಿಲ್ಲಲ್ಲ?"

"ಯಾವಾಗ ಹೇಳ್ಲಿ?" ಎಂದಳು ಅಕ್ಕ. "ಒಂದು ಕಾಲಿನ ಗದ್ದಲನ ಮನಿ ತುಂಬ ಇತ್ತಲ್ರಿ."

ಭಾವ ಉಗುರಿನಿಂದ ಮುಳ್ಳನ್ನು ಕಿತ್ತು ಪಕ್ಕಕ್ಕೆ ಎಸೆದರು. ಮುಳ್ಳು ಬಂದಿತ್ತು. ಕಾಲನ್ನು ಮಾತ್ರ ಅವರು ಬಹಳ ಹೊತ್ತು ಕೆಳಗಿಡಲಿಲ್ಲ.